ಹುಲಿಮುಖದ ನಿವೇಶನದಲ್ಲಿ ಒಂದು ನೇರ ಗೆರೆ

ನಲವತ್ತೈದು ಡಿಗ್ರಿ ಕೋನ ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾಗದದ ಮೇಲೆ ಅದು ಚೆಂದವೇ. ಸೆಟ್‌ಸ್ಕ್ವೇರನ್ನು ಓರೆಯಾಗಿಟ್ಟು ಒಂದು ಗೆರೆ ಎಳೆದರೆ ಸಾಕು, ಸಪ್ಪೆ ಚೌಕಕ್ಕೂ ಜೀವ ಬಂದಂತೆ ಕಾಣುತ್ತದೆ. ಆದರೆ ಕಾಗದದ ಮೇಲೆ ಯಾರೂ ಸಂಸಾರ ಮಾಡುವುದಿಲ್ಲ. ಓರೆ ಗೋಡೆಗೆ ಮಂಚ ಸರಿಯಾಗಿ ಒರಗುವುದಿಲ್ಲ, ಕಪಾಟಿನ ಹಿಂದೆ ಜಿರಳೆಗಳಿಗೆಂದೇ ಒಂದು ತ್ರಿಕೋನ ಉಳಿಯುತ್ತದೆ, ಚೂಪು ಮೂಲೆಯ ಕಸ ಪೊರಕೆಗೆ ಸಿಗುವುದಿಲ್ಲ. ಇದನ್ನು ನಾನು ಕಾಲೇಜಿನಲ್ಲಿ ಕಲಿಯಲಿಲ್ಲ. ವಡೋದರಾದ ಒಂದು ಮನೆ ಕಟ್ಟುವಾಗ ಕಲಿತೆ, ಅದೂ ಎಲ್ಲರ ಜೊತೆ ಜಗಳ ಕಾಯುತ್ತಾ.

ತೊಂಬತ್ತರ ದಶಕದ ನಡುಭಾಗ. ಧಾರವಾಡದಿಂದ ಹೋಗಿ ಅಹಮದಾಬಾದಿನ ನವರಂಗಪುರದಲ್ಲಿ ಒಬ್ಬ ಹಿರಿಯ ಆರ್ಕಿಟೆಕ್ಟರ ಕಚೇರಿಯಲ್ಲಿ ಕೆಲಸಕ್ಕಿದ್ದೆ. ಭಾವನಿಗೆ ಬ್ಯಾಂಕಿನಲ್ಲಿ ಅಲ್ಲಿಗೇ ವರ್ಗವಾಗಿತ್ತು, ಹಾಗಾಗಿ ಅಕ್ಕನ ಮನೆಯಲ್ಲೇ ನನ್ನ ಊಟ, ನಿದ್ದೆ. ಆ ಹಿರಿಯರನ್ನು ಕಚೇರಿಯವರೆಲ್ಲ ಸರ್ ಎನ್ನುತ್ತಿದ್ದೆವು. ಹೊಗಳಿದರೆ ಹಿಗ್ಗುವ, ಪ್ರಶ್ನೆ ಕೇಳಿದರೆ ಕುದಿಯುವ ಮನುಷ್ಯ. ಆಗ ಅವರಿಗೆ ಓರೆ ಚೌಕದ ಹುಚ್ಚು ಹಿಡಿದಿತ್ತು. ದವಾಖಾನೆಯಾಗಲಿ, ತೋಟದ ಮನೆಯಾಗಲಿ, ಅದರೊಳಗೊಂದು ಚೌಕವನ್ನು ಓರೆಯಾಗಿ ತಿರುಗಿಸಿ ನಿಲ್ಲಿಸದಿದ್ದರೆ ಸಮಾಧಾನವಿರಲಿಲ್ಲ. ತಿರುಗಿಸುವುದು ಅವರ ಕೆಲಸ. ತಿರುಗಿಸಿದ್ದರಿಂದ ಹುಟ್ಟಿದ ಸೊಟ್ಟ ಮೂಲೆಗಳಿಗೆಲ್ಲ ಅಳತೆ ಬರೆಯುವುದು ನನ್ನ ಕೆಲಸ. ಉಂಡವರು ಯಾರೋ, ಎಲೆ ಎತ್ತುವವರು ಯಾರೋ.

ಬಂಗಲೆ ಕಟ್ಟಿಸುತ್ತಿದ್ದವರು ವಡೋದರಾದ ಒಬ್ಬ ಶೇಠ್. ಮಕರಪುರದಲ್ಲಿ ಅವರದು ಟ್ರಾನ್ಸ್‌ಫಾರ್ಮರ್‌ಗಳ ಬಿಡಿಭಾಗ ಮಾಡುವ ಕಾರ್ಖಾನೆ. ತಾಯಿ, ಹೆಂಡತಿ, ತಮ್ಮ, ತಮ್ಮನ ಹೆಂಡತಿ ಎಲ್ಲರೂ ಕೂಡಿದ ಮನೆತನ. ಅವರು ಕೊಂಡ ನಿವೇಶನ ರಸ್ತೆಯ ಕಡೆ ಅಗಲ, ಹಿಂದೆ ಹೋದಂತೆ ಕಿರಿದು. ಮುಂದೆ ಕಿರಿದಾಗಿ ಹಿಂದೆ ಅಗಲವಾಗಿದ್ದರೆ ಅದು ಗೋಮುಖ, ಮನೆಗೆ ಶುಭ. ಇದು ಅದರ ತಿರುಗುಮುರುಗು, ಹುಲಿಮುಖ. ಅಂಗಡಿಗಾದರೆ ಅಡ್ಡಿಯಿಲ್ಲ, ಸಂಸಾರಕ್ಕೆ ಆಗದು ಎಂದು ಅಲ್ಲಿನವರ ನಂಬಿಕೆ. ಅದಕ್ಕೇ ಅವರು ಒಬ್ಬ ವಾಸ್ತು ಪಂಡಿತರನ್ನೂ ಗೊತ್ತು ಮಾಡಿಕೊಂಡಿದ್ದರು. ವಾಸ್ತು ಎಂದರೆ ನನಗೆ ಆಗಲೂ ಆಗುತ್ತಿರಲಿಲ್ಲ. ಸಂಡಾಸು ಯಾವ ದಿಕ್ಕಿಗಿದ್ದರೆ ಲಕ್ಷ್ಮಿ ಮುನಿಸಿಕೊಳ್ಳುತ್ತಾಳೆ ಎಂದು ಹೇಳುವವರನ್ನು ಕಚೇರಿಯಲ್ಲಿ ಅಣಕಿಸಿ ನಗಿಸುತ್ತಿದ್ದವನೇ ನಾನು.

ಸರ್ ಅವರ ಯೋಜನೆ ಹೀಗಿತ್ತು: ಹೊರಗೋಡೆಗಳು ನಿವೇಶನದ ಅಂಚನ್ನೇ ಹಿಡಿದು ಸಾಗುತ್ತವೆ. ನಡುವೆ ಓರೆಯಾಗಿ ಕೂತ ಚೌಕದ ದಿವಾನಖಾನೆ, ಅದಕ್ಕೆ ಎರಡು ಮೆಟ್ಟಿಲು ಇಳಿಯಬೇಕು. ಚೌಕದ ನಟ್ಟನಡುವೆ ಒಂದು ದುಂಡು ಕಂಬ, ಅದರ ಪಕ್ಕದಲ್ಲಿ ತೂಗುಮಂಚ. ಗುಜರಾತಿ ಮನೆಗೆ ತೂಗುಮಂಚ ಬೇಕೇ ಬೇಕು. ಓರೆ ಚೌಕಕ್ಕೂ ಹೊರಗೋಡೆಗೂ ನಡುವೆ ಸಿಕ್ಕ ತುಂಡುಗಳಲ್ಲಿ ಮಲಗುವ ಕೋಣೆ, ಅಡುಗೆಮನೆ, ದೇವರ ಕೋಣೆ. ಮುಂಬಾಗಿಲಿನಿಂದ ಅಡುಗೆಮನೆಗೆ ಹೋಗಬೇಕಾದರೆ ಇಳಿದು, ಕಂಬ ಸುತ್ತಿ, ಹತ್ತಿ, ಓರೆಯಾಗಿ ಹೊರಳಬೇಕು.

ನಕ್ಷೆ ನೋಡಲು ಶೇಠ್ ದಂಪತಿ ನವರಂಗಪುರಕ್ಕೆ ಬಂದರು. ಅವರ ಗುಜರಾತಿ, ಹಿಂದಿಯನ್ನು ಇಲ್ಲಿ ಕನ್ನಡದಲ್ಲೇ ಹೇಳುತ್ತೇನೆ. ಶೇಠಾಣಿಗೆ ನಲವತ್ತರ ಆಸುಪಾಸು, ಗಟ್ಟಿ ದನಿ. ಪ್ಯೂನ್ ಪಕ್ಕದಲ್ಲಿ ನಿಂತು ನೀರಿನ ಲೋಟ ಚಾಚಿದ, ಆಕೆ ತಿರುಗಿಯೂ ನೋಡಲಿಲ್ಲ. ಅವನು ನಿಂತೇ ಇದ್ದ. ಎಂಥ ಸೊಕ್ಕು ಎಂದುಕೊಂಡೆ. ಮೇಜಿನ ಆ ತುದಿಯಿಂದಲೇ ನಕ್ಷೆಯ ಸಣ್ಣ ಅಂಕಿಗಳನ್ನು ಪಟಪಟನೆ ಓದಿದಳು. ಆಮೇಲೆ ಮುಂಬಾಗಿಲಿನ ಮೇಲೆ ಬೆರಳಿಟ್ಟು ಅಡುಗೆಮನೆಯವರೆಗೆ ಎಳೆದುಕೊಂಡು ಹೋದಳು. ಬೆರಳು ಕಂಬದ ಹತ್ತಿರ ನಿಂತಿತು.

"ಇದು ಆಗುವುದಿಲ್ಲ ಸಾಹೇಬ್. ಮೆಟ್ಟಿಲು ಬೇಡ, ಕಂಬ ಬೇಡ, ಓರೆ ಗೋಡೆ ಒಂದೂ ಬೇಡ. ತೂಗುಮಂಚ ಹೊರಗೆ ವರಾಂಡದಲ್ಲಿರಲಿ."

"ಯಾಕೆ ಬೇನ್?" ಎಂದರು ಸರ್, ಸಕ್ಕರೆ ದನಿಯಲ್ಲಿ.

"ವಾಸ್ತು ದೋಷ."

ಸರ್ ಅವರ ಮುಖ ಕೆಂಪಾಯಿತು. ನನಗೂ ಸಿಟ್ಟು ಬಂತು. ಆ ಓರೆ ಚೌಕ ನನಗೇನೂ ಪ್ರೀತಿಯದಾಗಿರಲಿಲ್ಲ, ಆದರೆ ಅದು ಬೀಳುವುದಾದರೆ ಜ್ಯಾಮಿತಿಯ ಕೈಯಲ್ಲಿ ಬೀಳಲಿ, ಪಂಚಾಂಗದ ಕೈಯಲ್ಲಿ ಅಲ್ಲ ಎಂಬ ಹಟ. ನಕ್ಷೆ ಬದಲಿಸಿದಂತೆ ಮಾಡಿದೆವು: ಮೆಟ್ಟಿಲನ್ನು ಎರಡರಿಂದ ಒಂದಕ್ಕೆ ಇಳಿಸಿದೆವು, ಕಂಬವನ್ನು ತುಸು ಸರಿಸಿದೆವು. ಆಕೆ ಮತ್ತೆ ಬೇಡ ಎಂದಳು. ಮತ್ತೊಂದು ತಂದೆವು, ಅದೂ ಬೇಡ. ಪ್ರತಿಸಲವೂ ಕಾರಣ ಅದೇ, ವಾಸ್ತು. ಕಡೆಗೆ ಸರ್ ಹಾವೂ ಸಾಯುವಂತೆ ಕೋಲೂ ಮುರಿಯದಂತೆ ಒಂದು ಉಪಾಯ ಹೂಡಿದರು, ಆಕೆಯ ಪಂಡಿತರನ್ನೇ ಕರೆಸಿದರು. ಆ ನಿವೇಶನದ ರಸ್ತೆ ದಿಕ್ಕುಗಳಿಗೆ ಓರೆಯಾಗಿ ಹಾದುಹೋಗಿತ್ತು. ಹಾಗಾಗಿ ಸರ್ ಓರೆ ಮಾಡಿದ ಚೌಕ ಸರಿಯಾಗಿ ಪೂರ್ವಕ್ಕೇ ಮುಖ ಮಾಡಿತ್ತು! ಪಂಡಿತರು ದಿಕ್ಸೂಚಿ ಇಟ್ಟು ನೋಡಿ, "ಬಹಳ ಉತ್ತಮ, ಹುಲಿಮುಖದ ದೋಷಕ್ಕೆ ಇದೇ ಮದ್ದು. ಮೆಟ್ಟಿಲು, ಕಂಬಕ್ಕೂ ಬಾಧಕವಿಲ್ಲ" ಎಂದುಬಿಟ್ಟರು. ಶೇಠಾಣಿ ನಕ್ಷೆಯನ್ನು ಆಚೆ ತಳ್ಳಿದಳು. ನಾನು ಒಳಗೊಳಗೇ ಕುಣಿದೆ.

ಸಹಿಗೆ ಮುಂಚೆ ಮನೆಯವರು ನೆಲದ ಮೇಲೆ ನೋಡಲೆಂದು ನಿವೇಶನದಲ್ಲಿ ಗುರುತು ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಉದ್ದದ ಅಂಚಿಗೆ ದಾರ ಕಟ್ಟಿ ಮೂಲ ಗೆರೆ ಹಿಡಿಯಬೇಕು. ಅದಕ್ಕೆ ಲಂಬ ಬೇಕಾದರೆ ಒಂದು ಕಡೆ ಮೂರು ಅಳತೆ, ಇನ್ನೊಂದು ಕಡೆ ನಾಲ್ಕು, ಎರಡರ ತುದಿ ಕೂಡಿಸುವ ಗೆರೆ ಸರಿಯಾಗಿ ಐದು. ಐದಕ್ಕೆ ಒಂದು ಕೂದಲು ಹೆಚ್ಚಾದರೂ ಮೂಲೆ ತಪ್ಪಿದಂತೆ. ಲಂಬ ಸಿಕ್ಕಿದ ಮೇಲೆ ಎರಡೂ ಕಡೆ ಸಮ ಅಳೆದು ಕರ್ಣ ಎಳೆದರೆ ಸರ್ ಅವರ ನಲವತ್ತೈದು ಡಿಗ್ರಿ. ಬಿಸಿಲಿನಲ್ಲಿ ಮೇಸ್ತ್ರಿಯೊಡನೆ ಗೂಟ ಹೊಡೆದು, ಮೊಣಕಾಲೆತ್ತರಕ್ಕೆ ಬಿಳಿ ದಾರ ಬಿಗಿದು, ಗೂಟದ ತಲೆಯ ಮೇಲೆ ಪೆನ್ಸಿಲಿನಲ್ಲಿ ಅಳತೆ ಬರೆದೆ. ಸೊಟ್ಟ ನಿವೇಶನದಲ್ಲಿ ಓರೆ ಚೌಕ ಎಂದರೆ ಏನೆಂದು ಅಲ್ಲಿ ನಿಂತಾಗ ಗೊತ್ತಾಯಿತು. ಜೇಡರ ಬಲೆಯೊಳಗೆ ನಿಂತ ಹಾಗಿತ್ತು.

ಸಂಜೆಗೆ ಮುಂಚೆಯೇ ಮನೆಯವರೆಲ್ಲ ನೋಡಲು ಬಂದರು, ಅಹಮದಾಬಾದಿನಿಂದ ಸರ್ ಕೂಡ. ಶೇಠಾಣಿ ಒಂದು ಗೂಟದ ಎದುರು ನಿಂತು, ಬಗ್ಗದೆಯೇ ಪೆನ್ಸಿಲಿನ ಅಂಕಿಯನ್ನು ಓದಿ ನನ್ನನ್ನು ಪರೀಕ್ಷಿಸಿದಳು. ಅಂಕಿ ಸರಿಯಾಗಿತ್ತು. ಅಷ್ಟರಲ್ಲಿ ಅತ್ತೆ ಕರೆದರು. ಆಕೆ ಹೊರಳಿ ಎರಡು ಹೆಜ್ಜೆ ಇಟ್ಟಳೋ ಇಲ್ಲವೋ, ಪಕ್ಕದಲ್ಲೇ ಬಿಗಿದಿದ್ದ ದಾರಕ್ಕೆ ಕಾಲು ಸಿಕ್ಕಿ ಮುಗ್ಗರಿಸಿ ಅಂಗೈ ಊರಿ ಬಿದ್ದಳು. ಹಾಡಹಗಲು, ಬೆಳ್ಳಗಿನ ದಾರ.

ಎಲ್ಲರೂ ಓಡಿ ಬಂದರು. ಆಕೆ ಎದ್ದವಳೇ ಕೂಗಿದಳು: "ನೋಡಿದಿರಾ? ಈ ಗೆರೆಯೇ ನನ್ನ ಕಾಲು ಹಿಡಿಯಿತು. ಇಲ್ಲಿ ಗೋಡೆ ಎದ್ದರೆ ಮನೆಗೆ ಒಳ್ಳೆಯದಾಗುವುದಿಲ್ಲ!"

ಸರ್ ನಕ್ಕರು. "ಬೇನ್, ಗೆರೆ ಯಾರ ಕಾಲನ್ನೂ ಹಿಡಿಯುವುದಿಲ್ಲ. ನೋಡಿಕೊಂಡು ಕಾಲಿಡಬೇಕು."

"ಸಾಕು ವಹು, ಎಲ್ಲದಕ್ಕೂ ಒಂದು ತಕರಾರು," ಎಂದು ಅತ್ತೆ ಸೊಸೆಯನ್ನು ಗದರಿದರು. "ಪಂಡಿತಜೀ ಒಪ್ಪಿದ್ದಾರೆ. ಇನ್ನೇನು ಬೇಕು ನಿನಗೆ?"

ಎಲ್ಲರೂ ನೆರಳಿಗೆ ಚಹಾ ಕುಡಿಯಲು ಹೋದರು. ಆಕೆ ಅಲ್ಲೇ ಉಳಿದು ಅಂಗೈಯ ಮಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ದಾರ ಬಿಗಿಮಾಡುವ ನೆವದಲ್ಲಿ ಹತ್ತಿರ ಹೋದೆ. ತಲೆಯಲ್ಲಿ ಲೆಕ್ಕ ಕೂಡಿಬರುತ್ತಿರಲಿಲ್ಲ. ಪೆನ್ಸಿಲಿನ ಅಂಕಿ ಕಂಡವಳಿಗೆ ದಾರ ಕಾಣಲಿಲ್ಲವೇ? ಮೇಜಿನ ಆಚೆಯ ಅಕ್ಷರ ಓದಿದವಳಿಗೆ ಪಕ್ಕದ ನೀರಿನ ಲೋಟ?

"ಬೇನ್, ದಾರ ನಿಮಗೆ ಕಾಣಲೇ ಇಲ್ಲ."

"ನನಗೆ ಎಲ್ಲ ಕಾಣುತ್ತದೆ. ಇನ್ನೊಂದು ಗೂಟ ಓದಲೇ?"

"ಎದುರಿನದು ಕಾಣುತ್ತದೆ. ಪಕ್ಕದ್ದು ಕಾಣುವುದಿಲ್ಲ."

ಕಪಾಳಕ್ಕೆ ಹೊಡೆಯುತ್ತಾಳೇನೋ ಅಂದುಕೊಂಡೆ. ಆಕೆ ನೆರಳಿನ ಕಡೆಗೊಮ್ಮೆ ಮುಖವನ್ನೇ ಪೂರ್ತಿ ತಿರುಗಿಸಿ ನೋಡಿ, ದನಿ ತಗ್ಗಿಸಿದಳು.

"ಕೊಳವೆಯಲ್ಲಿ ನೋಡಿದ ಹಾಗೆ ಕಾಣುತ್ತದೆ. ಕೊಳವೆ ಸಣ್ಣದಾಗುತ್ತಾ ಹೋಗುತ್ತದಂತೆ, ಔಷಧಿ ಇಲ್ಲವಂತೆ. ನನ್ನ ಅಪ್ಪನಿಗೂ ಹೀಗೇ ಆಯಿತು. ಸೂರತ್‌ನಲ್ಲಿ ಜರಿ ಸೀರೆ ಅಂಗಡಿ ಇತ್ತು. ಸೆರಗು ಮುಟ್ಟಿ ಜರಿ ಅಸಲಿಯೋ ನಕಲಿಯೋ ಹೇಳುತ್ತಿದ್ದ. ಕಣ್ಣಿನ ವಿಷಯ ಗೊತ್ತಾದ ದಿನ ತಮ್ಮಂದಿರು ಕೈಹಿಡಿದು ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದರು, ಬಹಳ ಪ್ರೀತಿಯಿಂದ. ಆಮೇಲೆ ಏಳಲಿಕ್ಕೆ ಬಿಡಲೇ ಇಲ್ಲ. ಅವನ ಮುಂದೆಯೇ ಅವನ ಬಗ್ಗೆ ಮಾತಾಡುತ್ತಿದ್ದರು, ಕಿವಿಯೂ ಹೋಗಿದೆಯೇನೋ ಅನ್ನುವ ಹಾಗೆ."

"ಶೇಠ್‌ಗೆ ಗೊತ್ತೇ?"

"ಯಾರಿಗೂ ಗೊತ್ತಿಲ್ಲ. ಹಳೆ ಮನೆ ಪೋಲ್‌ನಲ್ಲಿದೆ, ಇಕ್ಕಟ್ಟು ಓಣಿಯ ಸಾಲುಮನೆ, ಬೀದಿಯಿಂದ ಹಿತ್ತಿಲವರೆಗೆ ಒಂದೇ ನೇರ. ಅಲ್ಲಿ ನನ್ನನ್ನು ಯಾರೂ ಹಿಡಿಯಲಾರರು. ನಿಮ್ಮ ಈ ಮನೆಯಲ್ಲಿ ಮೊದಲನೇ ವಾರವೇ ಸಿಕ್ಕಿಬೀಳುತ್ತೇನೆ. ಮರುದಿನ ಅಡುಗೆಮನೆ ಮೈದುನನ ಹೆಂಡತಿಗೆ, ಕುರ್ಚಿ ನನಗೆ." ಸೆರಗು ಸರಿಮಾಡಿಕೊಂಡು ಮತ್ತೆ ಹಳೆಯ ಗಟ್ಟಿ ದನಿಗೆ ಬಂದಳು. "ಅಯ್ಯೋ ಪಾಪ ಅಂತ ನೋಡಿದರೆ ನಿಮ್ಮನ್ನು ಈ ಸೈಟಿನಿಂದ ಓಡಿಸುತ್ತೇನೆ, ತಿಳಿಯಿತೇ?"

ಪಾಪ ಅನ್ನಿಸಲಿಲ್ಲ. ಕೆಟ್ಟ ಕೋಪ ಬಂತು. ಇಷ್ಟು ದಿನ ನಮ್ಮ ಕಚೇರಿಯಲ್ಲಿ ಮನೆ ಹೇಗಿರಬೇಕೆಂದು ನಿಜವಾಗಿ ಬಲ್ಲವರ ಮಾತು ಆಡಿದ್ದು ಈಕೆ ಒಬ್ಬಳೇ, ಅದನ್ನೇ ನಾವು ಮೂಢನಂಬಿಕೆ ಎಂದು ತಳ್ಳಿಹಾಕಿದ್ದೆವು. ಅವಳಿಗೆ ಬೇಕಾದ ಜ್ಯಾಮಿತಿ ಅತ್ಯಂತ ಸರಳವಾದದ್ದು. ನೇರ ಗೆರೆಯಲ್ಲಿ ನಡೆಯುವವರಿಗೆ ಕಣ್ಣು ಅರ್ಧ ಸಾಕು. ಲಂಬದಲ್ಲಿ ತಿರುಗಿದರೆ ಎಲ್ಲಿದ್ದೇನೆಂದು ದೇಹಕ್ಕೇ ತಿಳಿಯುತ್ತದೆ. ಓರೆಗೆ ತಿರುಗಿದರೆ ಎಷ್ಟು ತಿರುಗಿದೆನೆಂದು ಕಣ್ಣೇ ಹೇಳಬೇಕು.

ಅಹಮದಾಬಾದಿಗೆ ಬಂದವನೇ ಹೊಸ ನಕ್ಷೆ ಎಳೆದೆ. ಸರ್ ಮಾಡಿದ ತಪ್ಪೇನೆಂದರೆ ನಿವೇಶನದ ಸೊಟ್ಟನ್ನು ಮನೆಯೊಳಕ್ಕೆ ತಂದದ್ದು. ನಾನು ಉದ್ದದ ಅಂಚಿಗೆ ಸಮಾನಾಂತರವಾಗಿ ಮುಂಬಾಗಿಲಿನಿಂದ ಅಡುಗೆಮನೆಯವರೆಗೆ ಒಂದು ನೇರ ಓಣಿ ಇಟ್ಟೆ. ಅದರ ಎರಡೂ ಬದಿಗೆ ಕೋಣೆಗಳು, ಎಲ್ಲ ಮೂಲೆಯೂ ಲಂಬ, ನೆಲವೆಲ್ಲ ಒಂದೇ ಮಟ್ಟ. ಉಳಿದ ಸೊಟ್ಟ ತ್ರಿಕೋನವನ್ನು ಪೂರ್ತಿ ಹೊರಗೆ ತಳ್ಳಿ ಅಲ್ಲಿ ತೋಟ, ನೀರಿನ ತೊಟ್ಟಿ, ಸ್ಕೂಟರ್ ನಿಲ್ಲಿಸುವ ಜಾಗ ಮಾಡಿದೆ. ಸರ್ ಆ ಹಾಳೆ ನೋಡಿ, "ಇದು ರೈಲ್ವೆ ಕ್ವಾರ್ಟರ್ಸ್" ಎಂದು ಮಡಚಿ ಕಸದ ಬುಟ್ಟಿಗೆ ಹಾಕಿದರು. ನಿಜವಾದ ಕಾರಣ ಹೇಳುವಂತಿರಲಿಲ್ಲ. ಹೇಳಿದರೆ ಅವರು ಶೇಠ್‌ಗೆ ಹೇಳುತ್ತಿದ್ದರು, ಅದರಲ್ಲಿ ನನಗೆ ಅನುಮಾನವೇ ಇಲ್ಲ.

ಮನೆಯಲ್ಲಿ ಅಕ್ಕನ ಮುಂದೆ ಗೊಣಗಿದೆ. ಯಾರ ಮನೆ, ಯಾವ ಊರು ಎನ್ನಲಿಲ್ಲ, ವಿಷಯವಷ್ಟೇ ಹೇಳಿದೆ.

"ಆಕಿ ವಾಸ್ತು ಅಂತ ಹೇಳಿದ್ದು ಪಾಡ ಇತ್ತಲ್ಲೋ, ಚಲೋ ಉಪಾಯ," ಎಂದಳು ಅಕ್ಕ, ರೊಟ್ಟಿ ಬಡಿಯುತ್ತಾ.

"ಏನ ಪಾಡ? ಆ ಪಂಡಿತನ ಇಲ್ಲ ಅಂದಾನ. ಶಾಸ್ತ್ರದಾಗ ಇಲ್ಲಂತ."

"ಅಂವನ ಶಾಸ್ತ್ರದಾಗ ಇಲ್ಲ. ನಿನ್ನ ಶಾಸ್ತ್ರದಾಗ ಇರಬೇಕಲ್ಲಾ?" ಅಕ್ಕ ನಕ್ಕಳು. "ಈ ಮಂದಿಗೆ ದಕ್ಷಿಣದಾವ್ರಂದ್ರ ಎಲ್ಲಾರೂ ಗುಡಿ ಕಟ್ಟಿ ಬಂದಾವ್ರ ಹಂಗ ಕಾಣಸ್ತಾರ. ಗ್ಯಾಸ್ ಸಿಲಿಂಡರ್ ತರಾಂವ ಸೈತ ನನ್ನ ಮುಹೂರ್ತ ಕೇಳತಾನ. ನೀ ಒಂದ ಮಾತು ಹೇಳಿನೋಡು, ಯಾರ ಅಲ್ಲಗಳೀತಾರ?"

"ಸುಳ್ಳ ಹೇಳಲ್ಯಾ?"

"ಹಂಗಾರ ಖರೇನ ಹೇಳು. ಆಕಿನ್ನ ಕುರ್ಚಿಮ್ಯಾಲೆ ಕೂಡಸ್ತಾರ."

ಕೊನೆಯ ಒಪ್ಪಿಗೆಯ ಸಭೆ ಮಕರಪುರದ ಕಾರ್ಖಾನೆಯ ಆಫೀಸಿನಲ್ಲಿ. ಶೇಠ್, ಶೇಠಾಣಿ, ಅತ್ತೆ, ಪಂಡಿತರು ಒಂದು ಕಡೆ, ಸರ್ ಮತ್ತು ನಾನು ಇನ್ನೊಂದು ಕಡೆ. ಸರ್ ತಮ್ಮ ಓರೆ ಚೌಕದ ಮಹಿಮೆ ಹೇಳಿ ಮುಗಿಸಿದರು. ಶೇಠ್ ಸಹಿ ಹಾಕಲು ಪೆನ್ನು ತೆಗೆದರು. ಶೇಠಾಣಿ ಗೋಡೆ ನೋಡುತ್ತಾ ಕೂತಿದ್ದಳು. 

"ಒಂದು ಮಾತು ಶೇಠ್‌ಜೀ," ಎಂದೆ. "ನಮ್ಮ ದಕ್ಷಿಣದ ಕಡೆ ಹುಲಿಮುಖದ ನಿವೇಶನಕ್ಕೆ ಬೇರೆಯೇ ನಿಯಮವಿದೆ. ದಿಕ್ಕು ಗೇಟಿಗೆ ಸಾಕು. ಮನೆಯೊಳಗೆ ಬಾಗಿಲಿನಿಂದ ಒಲೆಯವರೆಗೆ ಬ್ರಹ್ಮಸೂತ್ರ ಹಾಯುತ್ತದೆ. ಆ ಸೂತ್ರ ಓರೆಯಾಗಬಾರದು, ಮೆಟ್ಟಿಲು ಇಳಿಯಬಾರದು, ಕಂಬಕ್ಕೆ ತಾಗಬಾರದು. ತಾಗಿದರೆ ಸೂತ್ರಭಂಗ. ಹುಲಿ ಮೊದಲು ಮನೆಯ ಗೃಹಿಣಿಯನ್ನೇ ಹಿಡಿಯುತ್ತದೆ ಅಂತ ಮಾತು. ಮೊನ್ನೆ ಸೈಟಿನಲ್ಲಿ ಆದದ್ದನ್ನು ಎಲ್ಲರೂ ನೋಡಿದ್ದೀರಿ."

ಇದರಲ್ಲಿ ಒಂದಕ್ಷರವೂ ನಿಜವಲ್ಲ. ಬ್ರಹ್ಮಸೂತ್ರ ಎಂಬ ಹೆಸರು ಎಲ್ಲೋ ಕೇಳಿದ್ದು, ಹುಲಿಯ ಮಾತು ಆ ಕ್ಷಣದಲ್ಲಿ ಬಾಯಿಗೆ ಬಂದದ್ದು. ಸರ್ ನನ್ನನ್ನು ನುಂಗುವಂತೆ ನೋಡಿದರು. ಎಲ್ಲರೂ ಪಂಡಿತರ ಕಡೆ ತಿರುಗಿದರು. ಈಗ ಸಿಕ್ಕಿಬಿದ್ದೆ ಎಂದುಕೊಂಡೆ. ಪಂಡಿತರು ಕೆಮ್ಮಿದರು, ಶಲ್ಯ ಸರಿಪಡಿಸಿಕೊಂಡರು. ಗೊತ್ತಿಲ್ಲ ಎಂದು ಹೇಳುವುದು ಅವರ ವೃತ್ತಿಯಲ್ಲಿ ಇಲ್ಲ.

"ಹೌದು ಹೌದು," ಎಂದರು. "ದಕ್ಷಿಣದ ಗ್ರಂಥಗಳಲ್ಲಿ ಸೂತ್ರಭಂಗದ ವಿಚಾರ ವಿಸ್ತಾರವಾಗಿಯೇ ಬಂದಿದೆ. ಪರಿಹಾರವೂ ಕಠಿಣ."

ಅತ್ತೆ ಸೊಸೆಯ ಗೀರುಬಿದ್ದ ಅಂಗೈ ನೋಡಿದರು. ಮುಖ ಬಿಳಿಚಿತು. "ಹಾಗಾದರೆ ನೇರ ಮಾಡಿ," ಎಂದರು. "ನನ್ನ ವಹುಗೆ ಏನೂ ಆಗಬಾರದು."

"ಅಮ್ಮಾಜೀ, ಈ ಹುಡುಗ..." ಎಂದು ಸರ್ ಬಾಯಿ ತೆರೆದರು.

"ಸಾಹೇಬ್, ನಿಮ್ಮ ಮನುಷ್ಯನೇ ಹೇಳುತ್ತಿದ್ದಾನೆ," ಎಂದು ಶೇಠ್ ಪೆನ್ನು ಜೇಬಿಗೆ ಹಾಕಿದರು. ನನ್ನ ಬ್ಯಾಗಿನಲ್ಲಿ ಎರಡನೇ ಪ್ರತಿ ಇತ್ತು. ಹರಡಿದೆ.

ವಾಪಸು ಬರುವಾಗ ಹೆದ್ದಾರಿಯಲ್ಲಿ ಸರ್ ಕಾರನ್ನು ಒಂದೇ ಸಮ ಓಡಿಸಿದರು. ಆಣಂದ್ ಹತ್ತಿರ ಕಾರು ನಿಲ್ಲಿಸಿದರು. "ಕಚೇರಿಯಲ್ಲಿ ವಾಸ್ತುವನ್ನು ಅಣಕಿಸುತ್ತಿದ್ದವನು ನೀನು. ಇವತ್ತು ಪುರೋಹಿತನಾದೆ. ಯಾಕೆ?"

"ನೇರ ಮನೆಯೇ ಸರಿ ಸರ್."

"ಅದನ್ನು ನಿರ್ಧರಿಸಲು ನೀನು ಯಾರು? ನಕ್ಷೆ, ಸೈಟಿನ ಕೆಲಸ ಎರಡನ್ನೂ ಮುಗಿಸಿಕೊಟ್ಟು ಹೊರಟುಹೋಗು. ನಿನ್ನ ಹೆಸರು ಯಾವ ಹಾಳೆಯಲ್ಲೂ ಇರುವುದಿಲ್ಲ. ಈಗ ಇಳಿ."

ಇಳಿದೆ. ಬಸ್ಸಿಗೆ ಕಾಯುತ್ತಾ ಅವರಿಗೆ ಬಾಯ್ತುಂಬ ಬೈದೆ, ಕನ್ನಡದಲ್ಲಿ, ಜೋರಾಗಿಯೇ.

ಮುಗಿಸಿಕೊಡುವ ಆ ತಿಂಗಳುಗಳಲ್ಲಿ ಹಟಕ್ಕೆ ಬಿದ್ದು ಕೆಲಸ ಮಾಡಿದೆ. ಅರ್ಧ ತೆರೆದ ಬಾಗಿಲಿನ ಅಂಚು ಹಣೆಗೆ ಬಡಿಯದಂತೆ ಓಣಿಯ ಬಾಗಿಲುಗಳನ್ನೆಲ್ಲ ಗೋಡೆಯ ಉದ್ದಕ್ಕೆ ಸರಿಯುವಂತೆ ಮಾಡಿದೆ. ನೆಲಕ್ಕೆ ಹಸಿರು ಕೋಟಾ ಕಲ್ಲು, ಗೋಡೆಯ ಬುಡಕ್ಕೆ ಎರಡೂ ಕಡೆ ಬಿಳಿ ಕಲ್ಲಿನ ಪಟ್ಟಿ. ಕಣ್ಣು ಇನ್ನೂ ಕಿರಿದಾದರೂ ಎದುರಿಗೆ ಎರಡು ಬಿಳಿ ಗೆರೆ ಕಾಣುತ್ತಿರಲಿ ಎಂದು. ಪ್ರತಿ ಕೋಣೆಯ ಬಾಗಿಲು ಬರುವಲ್ಲಿ ಆ ಪಟ್ಟಿ ತುಂಡಾಗುತ್ತದೆ, ಅಲ್ಲಿ ಲಂಬಕ್ಕೆ ತಿರುಗಿದರೆ ಸಾಕು. ಅಳತೆ ಪರಿಶೀಲಿಸುವ ನೆವದಲ್ಲಿ ಶೇಠಾಣಿ ಸೈಟಿಗೆ ಬರುತ್ತಿದ್ದಳು, ಒಂದು ದಿನವೂ ಹೊಗಳಲಿಲ್ಲ. "ಅಡುಗೆ ಕಟ್ಟೆಯ ಮೂಲೆ ಚೂಪಾಗಿದೆ, ದುಂಡಗೆ ಮಾಡಿಸಿ. ಕಣ್ಣಿದ್ದವರಿಗೂ ಸೊಂಟವಿರುತ್ತದೆ," ಎಂದಳು. ದುಂಡಗೆ ಮಾಡಿಸಿದೆ. ಆಮೇಲೆ ಕೆಲಸ ಬಿಟ್ಟೆ.

ಗೃಹಪ್ರವೇಶಕ್ಕೆ ಶೇಠ್ ನನ್ನನ್ನೂ ಕರೆದರು. ಆ ಹೊತ್ತಿಗೆ ಬೇರೆ ಕಡೆ ಕೆಲಸ ಸಿಕ್ಕಿತ್ತು. ಹೋಗಿ ನೋಡಿದರೆ ಮನೆ ತುಂಬ ಜನ, ಓಣಿ ತುಂಬ ಪ್ಲಾಸ್ಟಿಕ್ ಕುರ್ಚಿ. ಅಡುಗೆಯವರು ಸಾಲಾಗಿ ಹಾಕಿಬಿಟ್ಟಿದ್ದರು. ಪೂಜೆಯಾದ ಮೇಲೆ ಮನೆಯ ಹಿರಿಸೊಸೆ ತುಂಬಿದ ಕಲಶ ಹೊತ್ತು ಬಾಗಿಲಿನಿಂದ ಅಡುಗೆಮನೆಯವರೆಗೆ ನಡೆಯಬೇಕು, ನೂರಾರು ಕಣ್ಣುಗಳೆದುರು. ನಾನು ಕುರ್ಚಿಗಳನ್ನು ಎತ್ತಿ ಎತ್ತಿ ಕೋಣೆಗಳಿಗೆ ಎಸೆಯತೊಡಗಿದೆ. ಒಬ್ಬರು ಹುಚ್ಚನೇ ಎಂದರು. ಇನ್ನೊಬ್ಬರು ಕೂತ ಕುರ್ಚಿಯನ್ನು ಅಲುಗಾಡಿಸಿ ಎಬ್ಬಿಸಿದೆ. ಕಡೆಯ ಕುರ್ಚಿ ಅಡುಗೆಮನೆಯ ಬಾಗಿಲ ಹತ್ತಿರವೇ ಇತ್ತು. ಅದರಲ್ಲಿ ಸರ್, ಮಡಿಲಲ್ಲಿ ಫರಸಾಣದ ಕುರುಕಲು ತಿಂಡಿಯ ತಟ್ಟೆ ಇಟ್ಟುಕೊಂಡು, ಈ ನೇರ ಓಣಿ ತಮಗೆ ಹೇಗೆ ಹೊಳೆಯಿತೆಂದು ಯಾರಿಗೋ ವಿವರಿಸುತ್ತಿದ್ದರು.

"ಏಳಿ ಸರ್."

"ಯಾರ ಮನೆಯಲ್ಲಿ ಯಾರಿಗೆ ಹೇಳುತ್ತಿದ್ದೀಯ?"

ಆ ತುದಿಯಲ್ಲಿ ಶಂಖ ಊದಿದರು. ಶೇಠಾಣಿ ಕಲಶ ಹೊತ್ತು ಹೊಸ್ತಿಲು ದಾಟಿದಳು. ನೋಟ ಎತ್ತರದಲ್ಲಿ, ನೆಟ್ಟಗೆ. ಕುರ್ಚಿ ಗೋಡೆಗೆ ಒತ್ತಿಕೊಂಡಿತ್ತು, ಅವಳ ಕೊಳವೆಯ ಹೊರಗೆ. ನಾನು ಕುರ್ಚಿಯ ಕೈ ಹಿಡಿದು ಜಗ್ಗಿದೆ. ಸರ್ ಬಿಗಿಯಾಗಿ ಕೂತರು. ಆಗ ಪಂಡಿತರು ಜನರ ನಡುವೆ ನುಗ್ಗಿ ಬಂದರು.

"ಏಳಿ ಸಾಹೇಬ್, ಏಳಿ! ಬ್ರಹ್ಮಸೂತ್ರದ ಮೇಲೆ ಕೂತಿದ್ದೀರಿ! ಸೂತ್ರಭಂಗ!"

ಅತ್ತೆ ಕಿರುಚಿದರು. ಇಬ್ಬರು ಬಂದು ಸರ್ ಅವರನ್ನು ತಟ್ಟೆ ಸಮೇತ ಎತ್ತಿ ನಿಲ್ಲಿಸಿದರು, ನಾನು ಕುರ್ಚಿ ಎಳೆದುಕೊಂಡೆ. ಶೇಠಾಣಿ ತಡೆಯಿಲ್ಲದೆ ಬಂದಳು, ಅಡುಗೆಮನೆಯ ಬಾಗಿಲಿಗೆ ಬಿಳಿ ಪಟ್ಟಿ ತುಂಡಾದಲ್ಲಿ ಲಂಬಕ್ಕೆ ತಿರುಗಿ, ಕಲಶವನ್ನು ಒಲೆಯ ಪಕ್ಕದಲ್ಲಿ ಇಳಿಸಿದಳು. ಅವಳ ಸೆರಗು ನನ್ನ ಕೈಗೆ ತಾಗಿತು. ನಾನು ಅಲ್ಲಿರುವುದು ಅವಳಿಗೆ ಗೊತ್ತೇ ಆಗಲಿಲ್ಲ.

ಅತ್ತೆ ಓಣಿಯ ನಡುವೆ ನಿಂತು ಮನೆಯವರನ್ನೆಲ್ಲ ಕರೆದರು, ಕಿರಿಸೊಸೆಯನ್ನು ಹೆಸರು ಹಿಡಿದು ಕರೆದು ಮುಂದೆ ನಿಲ್ಲಿಸಿಕೊಂಡರು. "ಎಲ್ಲರೂ ಕೇಳಿಸಿಕೊಳ್ಳಿ. ಈ ಮನೆ ಇರುವವರೆಗೂ ಇಲ್ಲಿಂದ ಅಲ್ಲಿಯವರೆಗೆ ಯಾರೂ ಚಪ್ಪಲಿ ಬಿಡಬಾರದು, ಸ್ಟೂಲು ಇಡಬಾರದು, ಮಕ್ಕಳ ಆಟಿಗೆ ಕೂಡ ಬೀಳಬಾರದು. ಇದು ಶಾಸ್ತ್ರ."